ಭಾನುವಾರದ ಬೀಗ ಮತ್ತು ಅಮೆರಿಕದ ಸೆನೆಟ್

ಅಮೆರಿಕದ ಮಧ್ಯಾವಧಿ ಚುನಾವಣೆಯ ಫಲಿತಾಂಶವನ್ನು ಸತತ ಮೂರು ಸಲ ತಪ್ಪಾಗಿ ನುಡಿದ ಕೀರ್ತಿ ಸ್ವೀಡನ್ನಿನಲ್ಲಿ ಯಾರಿಗಾದರೂ ಸಲ್ಲುವುದಿದ್ದರೆ ಅದು ಸಿದ್ದಲಿಂಗನಿಗೇ ಸಲ್ಲಬೇಕು. ಒಂದು ಸಲ ತಪ್ಪುವುದು ಯಾರಿಂದಲೂ ಆಗುತ್ತದೆ. ಎರಡು ಸಲ ತಪ್ಪುವುದಕ್ಕೆ ಕೊಂಚ ದುರದೃಷ್ಟ ಬೇಕು. ಇರುವುದೇ ಎರಡು ದೊಡ್ಡ ಪಕ್ಷ. ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಯಾಗುತ್ತದೆ. ಅಂಥ ಕಡೆ ಮೂರಕ್ಕೆ ಮೂರೂ ತಪ್ಪಬೇಕಾದರೆ ಆಳವಾದ ಅಧ್ಯಯನ, ಜಿಲ್ಲಾವಾರು ಅಂಕಿಅಂಶ, ಮತ್ತು ತನ್ನ ಬುದ್ಧಿಯ ಮೇಲೆ ಅಪಾರ ಭರವಸೆ ಬೇಕೇ ಬೇಕು. ಸಿದ್ದಲಿಂಗನಲ್ಲಿ ಈ ಮೂರೂ ಹೇರಳವಾಗಿದ್ದವು.

ಊರು ಗದಗ. ಕೆಲಸ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ. ತುಂಬಿದ ಲಾರಿ ಹಿಮಗಟ್ಟಿದ ರಸ್ತೆಯ ಮೇಲೆ ಬ್ರೇಕ್ ಹಾಕಿದಾಗ ಎಷ್ಟು ದೂರ ಜಾರಿ ನಿಲ್ಲುತ್ತದೆ ಎಂದು ಮುಂಚಿತವಾಗಿ ಹೇಳುವುದು ಅವನ ವೃತ್ತಿ. ಅಲ್ಲಿ ಅವನ ಮಾತು ಒಂದು ಗೇಣೂ ಆಚೀಚೆ ಆಗಿದ್ದಿಲ್ಲ. "ಲಾರಿಗೆ ಬ್ರೇಕ್ ಐತ್ರಿ, ಅಮೆರಿಕದ ಮತದಾರಗ ಇಲ್ಲ" ಎಂದು ಪ್ರತಿ ಸೋಲಿನ ನಂತರವೂ ತನ್ನನ್ನು ತಾನೇ ಸಂತೈಸಿಕೊಳ್ಳುತ್ತಿದ್ದ. ಹೆಂಡತಿ ಶೋಭನಾ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಶಿಕ್ಷಕಿ. "ಅಡಿಗಿ ಮನ್ಯಾಗಿನ ಬಲ್ಬ್ ಹೋಗಿ ವಾರ ಆತು, ಅದು ಇವರಿಗೆ ಗೊತ್ತಿಲ್ಲ. ಪೆನ್ಸಿಲ್ವೇನಿಯಾದಾಗ ಯಾವ ಓಣಿಯವರು ಯಾರಿಗೆ ಓಟು ಹಾಕ್ತಾರ, ಅದು ಗೊತ್ತೈತಿ" ಎನ್ನುವುದು ಅವಳ ಖಾಯಂ ಹೇಳಿಕೆ. ಮಗಳು ಅವನಿ ಇನ್ನೂ ಚಿಕ್ಕವಳಿದ್ದಾಗಲೇ ಸ್ವೀಡಿಶ್ ಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದಳು: "ಪಪ್ಪಾ, ನಾವು ಅಲ್ಲಿ ವಾಸವೇ ಇಲ್ವಲ್ಲ?" ಇಡೀ ಅಮೆರಿಕದ ಸಂವಿಧಾನವನ್ನು ಬಿಡಿಸಿ ಹೇಳಿದರೂ ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ.

ಮಹಾಯುದ್ಧಕ್ಕೆ ಒಂದು ರಣಭೂಮಿ ಬೇಕು. ಇವನದು ಸುಂಡ್‌ಬೀಬರ್ಯ್‌ನ ಬಾಡಿಗೆ ಕಟ್ಟಡವೊಂದರ ನೆಲಮಾಳಿಗೆಯಲ್ಲಿತ್ತು. ಅದು ಲಾಂಡ್ರಿ ಕೋಣೆ. ಇಡೀ ಕಟ್ಟಡಕ್ಕೆ ಒಂದೇ. ಒಳಗೆ ಎರಡು ಒಗೆಯುವ ಯಂತ್ರ, ಬಟ್ಟೆ ಒಣಗಿಸುವ ಒಂದು ಬೀರು, ನಡುವೆ ಮಡಚುವ ಮೇಜು. ಹೊರಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಿಂಗಳ ಎಲ್ಲ ದಿನಗಳಿಗೂ ಸಾಲುಸಾಲಾಗಿ ತೂತುಗಳಿರುವ ಒಂದು ಹಲಗೆ. ಪ್ರತಿ ಮನೆಗೂ ಬೆರಳುದ್ದದ ಒಂದು ಬೀಗ. ತನಗೆ ಬೇಕಾದ ದಿನ, ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿ ತಿರುಗಿಸಿಬಿಟ್ಟರೆ ಆ ಹೊತ್ತಿಗೆ ಆ ಕೋಣೆ ಅವನ ಸಾಮ್ರಾಜ್ಯ. ಅಲ್ಲಿ ಇನ್ನೊಬ್ಬ ಕಾಲಿಟ್ಟರೆ ರಕ್ತಪಾತವೇನೂ ಆಗುವುದಿಲ್ಲ. ಅದಕ್ಕಿಂತ ಭೀಕರವಾದದ್ದು ಆಗುತ್ತದೆ. ಮರುದಿನ ಬಾಗಿಲ ಮೇಲೆ ಅತ್ಯಂತ ವಿನಯದ ಸ್ವೀಡಿಶ್‌ನಲ್ಲಿ ಬರೆದ ಒಂದು ಚೀಟಿ ಅಂಟಿರುತ್ತದೆ.

ಸಿದ್ದಲಿಂಗ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅಲ್ಲಿ ಒಂಟಿಯಾಗಿ ನಿಂತಿದ್ದ. ಯಂತ್ರ ತಿರುಗಿ ನಿಂತಿತ್ತು, ಆದರೆ ಅದರ ಬಾಗಿಲು ತೆಗೆಯುತ್ತಿರಲಿಲ್ಲ. ನಿಂತ ಮೇಲೆ ಸ್ವಲ್ಪ ಹೊತ್ತು ಕಾಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಇದ್ದ ಒಂದೇ ಬೆಚ್ಚನೆಯ ಪ್ಯಾಂಟು ಅದರೊಳಗಿತ್ತು. "ನಿನ್ನ ಬಾಯಾಗ ಮಣ್ಣ ಬೀಳ್ಲಿ, ಬಾಗಲಾ ತಗೀಯಲೇ!" ಎಂದು ಅವನು ಯಂತ್ರಕ್ಕೆ ಗುದ್ದುವುದಕ್ಕೂ ಹಿಂದಿನಿಂದ ಒಂದು ಧ್ವನಿ ಬರುವುದಕ್ಕೂ ಸರಿಹೋಯಿತು.

"ಅರೆ! ಕನ್ನಡದವ್ರಾ?"

ತಿರುಗಿ ನೋಡಿದರೆ ಬಕೆಟ್ಟು ಹಿಡಿದ ರಾಜಗೋಪಾಲರು. ಮೈಸೂರಿನವರು, ಕಿಸ್ಟಾದ ಟೆಲಿಕಾಂ ಕಚೇರಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದವರು, ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯರು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಆ ಉದ್ಯೋಗವನ್ನು ಅವರು ಕಚೇರಿಯಲ್ಲೇ ಬಿಟ್ಟು ಮನೆಗೆ ಬರುವ ಜಾತಿಯವರಲ್ಲ. ಯಂತ್ರದ ಬಾಗಿಲು ತಾನಾಗಿ ತೆರೆದುಕೊಂಡಿತು. ಇಬ್ಬರೂ ಸೇರಿ ಬಟ್ಟೆ ಮಡಚಿದರು. ಅಂದಿನಿಂದ ಮಡಚುತ್ತಲೇ ಇದ್ದರು.

ಜೋಡಿ ಹಾಸಿಗೆಯ ಚಾದರವನ್ನು ಒಬ್ಬರೇ ಮಡಚಲು ಬರುವುದಿಲ್ಲ. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು ಜಗ್ಗಬೇಕು. ಆಮೇಲೆ ಒಬ್ಬರು ನಡೆದು ಬಂದು ಮೂಲೆಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಇಷ್ಟು ಹೊತ್ತು ಎದುರುಬದುರು ನಿಂತ ಇಬ್ಬರು ಕನ್ನಡಿಗರು ರಾಜಕೀಯ ಮಾತಾಡದೆ ಇರುವುದು ಹೇಗೆ ಸಾಧ್ಯ?

ಆದರೆ ಯಾವ ರಾಜಕೀಯ? ನಮ್ಮ ದೇಶದ್ದು ಆಗಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಯುಗಾದಿ ಕೂಟದಲ್ಲಿ ಹೋಳಿಗೆ ಬಡಿಸುವಾಗ ಎದ್ದ ಅಂಥ ಒಂದು ಮಾತಿನಿಂದ ಎರಡು ಕುಟುಂಬಗಳು ಆಗಿನ್ನೂ ಮೆಟ್ರೋದಲ್ಲಿ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದವು. ಸ್ವೀಡನ್ನಿನ ರಾಜಕೀಯ? ಅಲ್ಲಿ ಸೋತವರೂ ಗೆದ್ದವರೂ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. ಅದರಲ್ಲಿ ಜಗಳಕ್ಕೆ ಏನು ಸತ್ವ? ಹೀಗಾಗಿ ಇಬ್ಬರೂ ಬಹಳ ಯೋಚಿಸಿ ಅಮೆರಿಕವನ್ನು ಆರಿಸಿಕೊಂಡರು. ಇಬ್ಬರಿಗೂ ಅಲ್ಲಿ ಓಟಿಲ್ಲ, ನೆಂಟರಿಲ್ಲ, ಹಂಗಿಲ್ಲ. ಗಂಟಲು ಹರಿಯುವಂತೆ ಕೂಗಾಡಿದರೂ ಸ್ನೇಹಕ್ಕೆ ಒಂದು ಗೀರು ಬೀಳುವುದಿಲ್ಲ. ಅದರಲ್ಲೂ ಅಧ್ಯಕ್ಷರ ಚುನಾವಣೆ ಬೇಡವೆಂದರು ರಾಜಗೋಪಾಲರು. "ಅದು ಎಲ್ರೂ ನೋಡೋ ಸಿನಿಮಾ ಕಣೋ ಸಿದ್ದು. ಮಿಡ್‌ಟರ್ಮ್ ಹಾಗಲ್ಲ, ಅದು ರಸಿಕರಿಗೆ." ಅಧ್ಯಕ್ಷರು ಗದ್ದುಗೆಯೇರಿ ಎರಡು ವರ್ಷಕ್ಕೆ ಅಲ್ಲಿ ಕೆಳಮನೆಗೆ ಪೂರ್ತಿಯಾಗಿ, ಮೇಲ್ಮನೆಯಾದ ಸೆನೆಟ್ಟಿನ ಮೂರನೇ ಒಂದು ಪಾಲಿಗೆ ಚುನಾವಣೆ ನಡೆಯುತ್ತದೆ. ರಸಿಕರಿಬ್ಬರಿಗೆ ಅಷ್ಟು ಸಾಕಿತ್ತು.

ಪಣವೂ ಗೊತ್ತಾಯಿತು. ಭಾನುವಾರ ಬೆಳಗಿನ ಹೊತ್ತು. ಇಡೀ ಕಟ್ಟಡ ಕಣ್ಣಿಟ್ಟಿರುವ, ಸಿಂಹಾಸನಕ್ಕೆ ಸಮನಾದ ಹೊತ್ತು ಅದು. ಗೆದ್ದವರ ಬೀಗ ಮುಂದಿನ ನಾಲ್ಕು ವರ್ಷ ಭಾನುವಾರದ ತೂತಿನಲ್ಲಿ; ಸೋತವರದು ಗುರುವಾರ ಸಂಜೆ, ಯಾರಿಗೂ ಬೇಡದ ಹೊತ್ತಿನಲ್ಲಿ.

ರಾಜಗೋಪಾಲರ ಸಿದ್ಧಾಂತ ಒಂದೇ ಸಾಲಿನದು. "ಮಿಡ್‌ಟರ್ಮ್‌ನಲ್ಲಿ ಅಧ್ಯಕ್ಷರ ಪಕ್ಷಕ್ಕೆ ಏಟು ಬೀಳುತ್ತೆ." ಅಷ್ಟೇ. ಹೆಸರಿಲ್ಲ, ಅಂಕಿಯಿಲ್ಲ, ನಕ್ಷೆಯಿಲ್ಲ. ಸಿದ್ದಲಿಂಗ ಇಪ್ಪತ್ತು ಕಾರಣ ಕೊಟ್ಟರೂ ಅವರು ಚಾದರ ಜಗ್ಗಿ ಅದೇ ಸಾಲು ಹೇಳುತ್ತಿದ್ದರು. ಎರಡು ಸಾವಿರದ ಹತ್ತರಲ್ಲಿ ಸಿದ್ದಲಿಂಗ ಕೆಳಮನೆ ಡೆಮಾಕ್ರಟರ ಕೈಯಲ್ಲೇ ಉಳಿಯುತ್ತದೆ ಎಂದ. ಅದು ಧೊಪ್ಪೆಂದು ಬಿತ್ತು. ಹದಿನಾಲ್ಕರಲ್ಲಿ ಸೆನೆಟ್ಟಾದರೂ ಉಳಿಯುತ್ತದೆ ಎಂದ, ಅದೂ ಹೋಯಿತು. ಪಾಠ ಕಲಿತ ಮನುಷ್ಯ ಹದಿನೆಂಟರಲ್ಲಿ ಪಕ್ಷ ಬದಲಿಸಿ ಕೆಳಮನೆ ರಿಪಬ್ಲಿಕನ್ನರಿಗೇ ಎಂದ. ಅಷ್ಟರಲ್ಲಿ ಅಧ್ಯಕ್ಷರ ಪಕ್ಷವೂ ಬದಲಾಗಿತ್ತು; ಆ ಸಲ ಡೆಮಾಕ್ರಟರು ಗೆದ್ದರು. ಹನ್ನೆರಡು ವರ್ಷ ಭಾನುವಾರದ ತೂತಿನಲ್ಲಿ ರಾಜಗೋಪಾಲರ ಬೀಗವೇ ಮಿನುಗುತ್ತಿತ್ತು. ಗುರುವಾರದವನು ಭಾನುವಾರವೂ ಚಾದರದ ಇನ್ನೊಂದು ತುದಿ ಹಿಡಿಯಲು ಕೆಳಗಿಳಿಯುತ್ತಿದ್ದ, ಅದು ಬೇರೆ ಮಾತು.

ನಿಜ ಹೇಳಬೇಕೆಂದರೆ ಸಿದ್ದಲಿಂಗನಿಗೆ ಭಾನುವಾರ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದು ಒಂದು ಮಾತು. ರಾಜಗೋಪಾಲರ ಬಾಯಿಂದ, ಒಂದೇ ಒಂದು ಸಲ, "ನೀನು ಹೇಳಿದ್ದೇ ಸರಿ ಕಣೋ" ಎಂಬ ಮಾತು. ಆ ಆಸೆಯನ್ನು ಒಮ್ಮೆ ರಾಜಗೋಪಾಲರ ಹೆಂಡತಿ ಗೀತಾ ಅವರ ಮುಂದೆ ತೋಡಿಕೊಂಡಿದ್ದ. ಅವರು ಕಾಫಿ ಲೋಟ ಮುಂದಿಟ್ಟು ನಕ್ಕಿದ್ದರು. "ಮದುವೆಯಾಗಿ ಇಷ್ಟು ವರ್ಷವಾಯ್ತು, ನನಗೇ ಹೇಳಿಲ್ಲ ಸಿದ್ದಲಿಂಗ. ನಿಂಗೆ ಹೇಳ್ತಾರಾ? ಸಾರಿಗೆ ಉಪ್ಪು ಕಮ್ಮಿ ಅಂತ ನಾನು ಮೊದಲೇ ಹೇಳಿದ್ರೆ, ಸರಿ ಇದೆ ಅಂತ ಉಪ್ಪಿಲ್ಲದ ಸಾರನ್ನೇ ಉಣ್ತಾರೆ ಹೊರತು ಒಪ್ಪಲ್ಲ."

ಹೀಗೆ ಎರಡು ಸಾವಿರದ ಇಪ್ಪತ್ತೆರಡು ಬಂತು. ಯುಗಾದಿಯ ಹೊತ್ತಿಗೆ ರಾಜಗೋಪಾಲರು ಎರಡೂ ಮನೆ ಅಧ್ಯಕ್ಷರ ಪಕ್ಷದ ಕೈತಪ್ಪುತ್ತವೆ ಎಂದು ಘೋಷಿಸಿದರು. ಸಿದ್ದಲಿಂಗ ಎದ್ದು ನಿಂತು, "ಕೆಳಮನಿ ಹೋಗ್ತೈತ್ರಿ, ಅದೂ ಕೂದಲೆಳಿಯಷ್ಟರಾಗ. ಸೆನೆಟ್ ಹೋಗಂಗಿಲ್ಲ" ಎಂದ. ಟಿವಿಯವರು, ಪತ್ರಿಕೆಯವರು, ಕಿಸ್ಟಾದ ಕನ್ಸಲ್ಟೆಂಟ್ ಸಂಕೇತ್ ಮತ್ತು ಅವನ ಲ್ಯಾಪ್‌ಟಾಪ್ ಎಲ್ಲರೂ ರಾಜಗೋಪಾಲರ ಕಡೆ. ಸಿದ್ದಲಿಂಗ ಒಬ್ಬನೇ ಆ ಕಡೆ, ಮುಳುಗುವ ಹಡಗಿನ ಕಪ್ತಾನನ ಗತ್ತಿನಲ್ಲಿ.

ಅದೇ ಜೂನ್‌ನಲ್ಲಿ ರಾಜಗೋಪಾಲರು ನಿವೃತ್ತರಾದರು. ನಂತರ ಅವರ ಕೀಟಲೆ ಇನ್ನೂ ಹೆಚ್ಚಿತೆಂದು ಎಲ್ಲರೂ ಆಡಿಕೊಂಡರು. ಒಗೆಯುವ ಯಂತ್ರ ಬಿಟ್ಟು ಒಣಗಿಸುವ ಬೀರಿನಲ್ಲಿ ಸೋಪಿನ ಪುಡಿ ಇಟ್ಟು, ಯಾಕೆಂದು ಕೇಳಿದರೆ "ಪ್ರಯೋಗ" ಎನ್ನುತ್ತಿದ್ದರು. ಹೇಳಿದ ಜೋಕನ್ನೇ ಮತ್ತೆ ಹೇಳಿ, "ನಿನಗೆ ಎರಡು ಸಲ ಹೇಳದಿದ್ರೆ ತಲೆಗೆ ಹೋಗಲ್ಲ" ಎನ್ನುತ್ತಿದ್ದರು. ಶರತ್ಕಾಲವಿಡೀ ಸಿದ್ದಲಿಂಗ ಹೊಸ ಸಮೀಕ್ಷೆಗಳೊಂದಿಗೆ ಕೆಳಗಿಳಿದರೆ ಅವರು ಚಾದರ ಜಗ್ಗಿ, "ಅಧ್ಯಕ್ಷರ ಪಕ್ಷಕ್ಕೆ ಏಟು ಬೀಳುತ್ತೆ" ಎನ್ನುತ್ತಿದ್ದರು. ಆ ಸಾಲು ಯಾವ ವರ್ಷಕ್ಕೂ ಹೊಂದುತ್ತಿತ್ತು. ಅದನ್ನು ಹೇಳುವವರು ಯಾವ ವರ್ಷದಲ್ಲಿದ್ದಾರೆಂದು ಕೇಳಬೇಕೆಂದು ಯಾರಿಗೆ ತಾನೆ ಹೊಳೆದೀತು?

ನವೆಂಬರಿನಲ್ಲಿ ಮತದಾನ ಮುಗಿದು ಎಣಿಕೆ ತೆವಳತೊಡಗಿತು. ಬುಧವಾರ ಇಲ್ಲ, ಗುರುವಾರ ಇಲ್ಲ, ಶುಕ್ರವಾರವೂ ಇಲ್ಲ. ಭಾನುವಾರ ಬೆಳಗ್ಗೆ ಸಿದ್ದಲಿಂಗ ಎದ್ದು ಫೋನ್ ನೋಡಿದರೆ ನೆವಾಡಾ ರಾಜ್ಯದ ಫಲಿತಾಂಶ ಬಂದಿತ್ತು. ಸೆನೆಟ್ ಡೆಮಾಕ್ರಟರಲ್ಲೇ ಉಳಿದಿತ್ತು. ಅವನು ಹಾಸಿಗೆಯ ಮೇಲೆ ಎದ್ದು ನಿಂತ. ಸ್ನಾನ ಮಾಡಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಗುರುವಾರದ ತನ್ನ ಬೀಗವನ್ನು ಹಲಗೆಯಿಂದ ಕಿತ್ತು ಜೇಬಿಗೆ ಹಾಕಿಕೊಂಡು, ಪಟ್ಟಾಭಿಷೇಕಕ್ಕೆ ನಡೆಯುವ ಯುವರಾಜನಂತೆ ಲಾಂಡ್ರಿ ಕೋಣೆ ಹೊಕ್ಕ. ರಾಜಗೋಪಾಲರು ಚಾದರ ಹಿಡಿದು ನಿಂತಿದ್ದರು.

"ಬಾ ಸಿದ್ದು. ಈ ಕಡೆ ಹಿಡ್ಕೋ."

"ಸರ, ನೆವಾಡಾ ಬಂತ್ರಿ. ಸೆನೆಟ್ ಉಳೀತು. ಈಗ ಹೇಳಿಬಿಡ್ರಿ ಆ ಮಾತು, ಹನ್ನೆರಡು ವರ್ಷ ಕಾದೀನಿ."

"ಸೆನೆಟ್ ಉಳಿಯೋದ್ರಲ್ಲಿ ಏನು ಮಹಾ? ರಿಪಬ್ಲಿಕನ್ನರು ಅದನ್ನ ಉಳಿಸ್ಕೋತಾರೆ ಅಂತ ನಾನೇ ಹೇಳಿದ್ನಲ್ಲ. ಅವರ ಕೈತಪ್ಪೋದು ಕೆಳಮನೆ. ಅಧ್ಯಕ್ಷರ ಪಕ್ಷಕ್ಕೆ ಏಟು ಬೀಳುತ್ತೆ. ನೀನು ಬೀಳಲ್ಲ ಅಂತ ಕೂತಿದೀಯ. ಮಾತು ಮರೆಸಬೇಡ."

ಸಿದ್ದಲಿಂಗ ಒಂದು ಕ್ಷಣ ತಬ್ಬಿಬ್ಬಾದ. ಇದು ಹದಿನೆಂಟರ ವಾದ. ಆಗ ಅಧ್ಯಕ್ಷರು ಬೇರೆ, ಪಕ್ಷ ಬೇರೆ. ಆಮೇಲೆ ಅವನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡ. ಗೋಡೆ ಹಿಡಿದು ನಗತೊಡಗಿದ.

"ಭಲೇ ಸರ! ಸೋಲು ತಪ್ಪಿಸ್ಕೊಳ್ಳಾಕ ನಾಲ್ಕು ವರ್ಷ ಹಿಂದಕ್ಕ ಓಡಿದ್ರಲ್ರಿ! ಇಂಥಾ ಕಳ್ಳಾಟ ನಾ ಎಲ್ಲೂ ನೋಡಿಲ್ಲ ಬಿಡ್ರಿ!"

ರಾಜಗೋಪಾಲರು ಅವನ ಮುಖವನ್ನೇ ನೋಡುತ್ತಿದ್ದರು. ನಂತರ ಅವರೂ ನಕ್ಕರು.

ಅಂದು ಮಧ್ಯಾಹ್ನ ಕಿಸ್ಟಾದ ಶಾಲೆಯೊಂದರ ಸಭಾಂಗಣದಲ್ಲಿ ರಾಜ್ಯೋತ್ಸವ. ಮಕ್ಕಳು ನಾಡಗೀತೆ ಹಾಡಿದರು, ಅರ್ಧ ಕನ್ನಡದಲ್ಲಿ, ಅರ್ಧ ಸ್ವೀಡಿಶ್ ರಾಗದಲ್ಲಿ. ಆಮೇಲೆ ಫೀಕಾ. ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಪಕ್ಕದಲ್ಲಿ ಶೋಭನಾ ಕರಿದ ಕೋಡುಬಳೆ. ಗೆಲುವಿನ ಅಮಲಿನಲ್ಲಿದ್ದ ಸಿದ್ದಲಿಂಗ ಮೇಜಿನ ಒಂದು ತುದಿಗೆ ನಿಂತು ಬೆಳಗಿನ ಕಥೆಯನ್ನು ರಂಗು ಹಚ್ಚಿ ಹೇಳಿದ. ರಾಜಗೋಪಾಲರ ನಡೆ, ನಿಲುವು, ಧ್ವನಿ ಎಲ್ಲವನ್ನೂ ಮಾಡಿ ತೋರಿಸಿದ. ಸಭೆ ಬಿದ್ದು ಬಿದ್ದು ನಕ್ಕಿತು.

ಸಂಕೇತ್ ಬನ್ನು ಅಗಿಯುತ್ತಲೇ ಕೇಳಿದ, "ಸರ್, ಹಾಗಿದ್ರೆ ಈಗ ಅಧ್ಯಕ್ಷರ ಪಕ್ಷ ಯಾವ್ದು, ನೀವೇ ಹೇಳ್ಬಿಡಿ, ನಾವು ಅದನ್ನೇ ಫಿಕ್ಸ್ ಮಾಡ್ಕೋತೀವಿ!"

ಇನ್ನೊಂದು ನಗೆಯ ಅಲೆ. ರಾಜಗೋಪಾಲರೂ ನಗುತ್ತಿದ್ದರು. ನಗುತ್ತಲೇ, ಪರೀಕ್ಷೆಯಲ್ಲಿ ಪಕ್ಕದವನ ಹಾಳೆಯ ಕಡೆ ಕಣ್ಣು ಹಾಯಿಸುವ ಹುಡುಗನಂತೆ, ಗೀತಾ ಅವರ ಮುಖದ ಕಡೆ ನೋಡಿದರು. ಗೀತಾ ನಗುತ್ತಿರಲಿಲ್ಲ. "ಕಾಫಿ ಆರಿಹೋಗುತ್ತೆ, ಬನ್ನಿ" ಎಂದು ಅವರ ತೋಳು ಹಿಡಿದು ಕಿಟಕಿಯ ಬಳಿ ಕರೆದೊಯ್ದರು.

ಸಿದ್ದಲಿಂಗನ ಕೈಯಲ್ಲಿದ್ದ ಕೋಡುಬಳೆ ಹಾಗೇ ಉಳಿಯಿತು. ಅವನ ವೃತ್ತಿಯಲ್ಲಿ ಒಂದು ಗಳಿಗೆ ಬರುತ್ತದೆ. ಚಕ್ರಗಳು ನಿಂತುಬಿಟ್ಟಿರುತ್ತವೆ, ಗಾಡಿ ಮಾತ್ರ ಐಸಿನ ಮೇಲೆ ಸದ್ದಿಲ್ಲದೆ ಸಾಗುತ್ತಿರುತ್ತದೆ. ಹೊರಗಿನಿಂದ ನೋಡುವವರಿಗೆ ಗಾಡಿ ಚೆನ್ನಾಗಿಯೇ ಓಡುತ್ತಿದೆ ಅನ್ನಿಸುತ್ತದೆ. ಅವನು ಸಾವಿರ ಸಲ ಕಂಡ ಗಳಿಗೆ ಅದು. ಇಡೀ ಬೇಸಿಗೆ, ಇಡೀ ಶರತ್ಕಾಲ, ಒಂದೂವರೆ ಮಾರು ಚಾದರದ ಆಚೆ ತುದಿಯಲ್ಲಿ ಅದು ನಡೆಯುತ್ತಿದ್ದಾಗ ಅವನು ಪೆನ್ಸಿಲ್ವೇನಿಯಾ ನೋಡುತ್ತಿದ್ದ.

ಮನೆಗೆ ಹಿಂದಿರುಗುವಾಗ ವೆಸ್ತ್ರಾ ಸ್ಕೋಗೆನ್ ನಿಲ್ದಾಣದಲ್ಲಿ ರೈಲು ಬದಲಿಸಬೇಕು. ಶೋಭನಾ ರಾಜಗೋಪಾಲರನ್ನು ಬೆಂಚಿನ ಮೇಲೆ ಕೂರಿಸಿ ಅದೂ ಇದೂ ಮಾತಾಡಿಸುತ್ತಿದ್ದಳು. ಗೀತಾ ಪ್ಲಾಟ್‌ಫಾರ್ಮಿನ ಈ ತುದಿಗೆ ಬಂದರು.

"ಅಕ್ಕಾರ, ನನಗ ಗೊತ್ತಿರಲಿಲ್ರಿ" ಎಂದ ಸಿದ್ದಲಿಂಗ.

"ನಿಂಗೆ ಗೊತ್ತಾಗಬಾರದು ಅಂತಾನೇ ಇದ್ದಿದ್ದು. ಬೇಸಿಗೆಯಲ್ಲಿ ಡಾಕ್ಟ್ರ ಹತ್ರ ಹೋದಾಗ ಒಂದು ಗಡಿಯಾರ ಬರೀರಿ ಅಂದ್ರು. ಮುಳ್ಳೇ ಇಲ್ಲದ ಗಡಿಯಾರ ಬರೆದ್ರು. ಮುಳ್ಳೆಲ್ಲಿ ಅಂದ್ರೆ, 'ರಿಟೈರ್ ಆದವನಿಗೆ ಮುಳ್ಳು ಯಾಕೆ?' ಅಂದ್ರು. ಡಾಕ್ಟ್ರು ನಕ್ಕುಬಿಟ್ರು. ಎರಡನೇ ಸಲ ಹೋದಾಗ ಅವರು ನಗಲಿಲ್ಲ."

ಸುರಂಗದ ಆಚೆಯಿಂದ ಗಾಳಿ ಬೀಸತೊಡಗಿತು. ರೈಲು ಬರುವುದರಲ್ಲಿತ್ತು.

"ಡಾಕ್ಟ್ರು ಮರೆವಿನ ಕಾಯಿಲೆ ಅಂತ ಹೆಸರು ಹೇಳಿದ ದಿನ, ಮನೆಗೆ ಬರೋ ದಾರಿಯಲ್ಲಿ ಇವರು ಒಂದೇ ಮಾತು ಹೇಳಿದ್ರು. ಯಾರಿಗ್ ಬೇಕಾದ್ರೂ ಹೇಳು, ಸಿದ್ದುಗೆ ಹೇಳಬೇಡ. ಹೇಳಿದ್ರೆ ಅವನು ಬೇಕಂತಲೇ ಸೋಲೋಕೆ ಶುರು ಮಾಡ್ತಾನೆ. ನನ್ನ ಹತ್ರ ನಿಜವಾಗಿ ಜಗಳ ಆಡೋನು ಅವನೊಬ್ಬನೇ ಇರೋದು, ಅಂತ."

ಸಿದ್ದಲಿಂಗ ಜೇಬಿನೊಳಗೆ ಬೀಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ರೈಲಿನಲ್ಲಿ ರಾಜಗೋಪಾಲರು ಅವನ ಪಕ್ಕದಲ್ಲೇ ಕೂತು, "ಏನೋ ಸಪ್ಪಗಿದೀಯ? ಇರಲಿ ಬಿಡು, ಮುಂದಿನ ಸಲ ನೋಡೋಣ" ಎಂದು ಬೆನ್ನು ತಟ್ಟಿದರು. ಮನೆಗೆ ಬಂದವನೇ ಅವನು ನೆಲಮಾಳಿಗೆಗೆ ಇಳಿದು ಬೀಗವನ್ನು ಮತ್ತೆ ಗುರುವಾರಕ್ಕೆ ಸಿಕ್ಕಿಸಿದ.

ಮುಂದಿನ ಭಾನುವಾರ ಅವನೆದುರು ಇಬ್ಬಂದಿ ನಿಂತಿತ್ತು. ರಾಜಗೋಪಾಲರು ಚಾದರದ ತುದಿ ಕೊಟ್ಟು, "ಹೇಳು, ಕೆಳಮನೆ ಯಾರಿಗೆ?" ಎಂದರು. ಅವರ ಪಾಲಿಗೆ ಅದು ಹದಿನೆಂಟರ ಶರತ್ಕಾಲ, ಫಲಿತಾಂಶ ಇನ್ನೂ ಬಂದಿಲ್ಲ. ಸಿದ್ದಲಿಂಗನಿಗೆ ಆ ಫಲಿತಾಂಶ ಬಾಯಿಪಾಠ. ಜಗತ್ತಿನ ಯಾವ ಜ್ಯೋತಿಷಿಗೂ, ಯಾವ ಲ್ಯಾಪ್‌ಟಾಪಿಗೂ ಸಿಗದ ವರ ಅವನ ಅಂಗೈಯಲ್ಲಿತ್ತು: ತಪ್ಪಲು ಸಾಧ್ಯವೇ ಇಲ್ಲದ ಭವಿಷ್ಯ. "ಡೆಮಾಕ್ರಟರಿಗೆ" ಎಂದರೆ ಅವನ ಮಾತು ಸರಿ, ಆದರೆ ರಾಜಗೋಪಾಲರೂ ಅದನ್ನೇ ಅನ್ನುವುದರಿಂದ ಜಗಳವೇ ಇಲ್ಲ. ಬೇಕಂತಲೇ ಸೋತರೆ ಗೆಳೆಯನ ಒಂದೇ ಬೇಡಿಕೆಯನ್ನು ಮುರಿದಂತೆ.

ಚಾದರ ಬಿಗಿಯಾಗಿ ಜಗ್ಗಿದ. ಆಮೇಲೆ ತಾನು ಹದಿನೆಂಟರಲ್ಲಿ ಏನು ಹೇಳಿದ್ದನೋ ಅದನ್ನೇ ಹೇಳತೊಡಗಿದ. ಒಂದಕ್ಷರ ಬದಲಿಸಲಿಲ್ಲ. ಉದ್ಯೋಗದ ಅಂಕಿ, ಕ್ಷೇತ್ರಗಳ ಗಡಿ, ತೆರಿಗೆ ಕಡಿತ. ಆಗ ಮೇಜು ಗುದ್ದಿದ್ದ ಕಡೆ ಈಗಲೂ ಗುದ್ದಿದ. ಇದು ಬೇಕಂತ ಸೋಲುವುದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ವರ್ಷ ತನ್ನ ಪ್ರಾಮಾಣಿಕ ದಡ್ಡತನ ಇದೇ ಆಗಿತ್ತಲ್ಲ! ರಾಜಗೋಪಾಲರ ಕಣ್ಣು ಬೆಳಗಿತು. "ನಿನ್ನ ಲಾರಿಗಳಿಗೆ ಅಮೆರಿಕ ಗೊತ್ತಿಲ್ಲ ಕಣೋ. ಅಧ್ಯಕ್ಷರ ಪಕ್ಷಕ್ಕೆ ಏಟು ಬೀಳುತ್ತೆ" ಎಂದು ಗರ್ಜಿಸಿ ಮೂಲೆಗಳನ್ನು ತಂದು ಅವನ ಕೈಗೆ ಒಪ್ಪಿಸಿದರು.

ಅಮೆರಿಕದ ಇತಿಹಾಸದ ಅತ್ಯಂತ ದೀರ್ಘ ಚುನಾವಣೆ ಹೀಗೆ ಸುಂಡ್‌ಬೀಬರ್ಯ್‌ನಲ್ಲಿ ನಡೆಯಿತು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತು, ಹೋಯಿತು. ಫೀಕಾ ಮೇಜಿನಲ್ಲಿ ಸಂಕೇತ್, "ಸಿದ್ದಲಿಂಗ ಸರ್, ಈ ಸಲ ಯಾರು?" ಎಂದು ಕೇಳಿದಾಗ ಅವನು, "ನಾ ಇನ್ನೂ ಹಿಂದಿಂದರ ರಿಸಲ್ಟ್ ಕಾಯಾಕತ್ತೀನಪ್ಪ" ಎಂದ. ಸಂಕೇತ್ ತಲೆ ತಗ್ಗಿಸಿಕೊಂಡ. ಈಗ ಎಲ್ಲರಿಗೂ ಗೊತ್ತಿತ್ತು. ಭಾನುವಾರದಿಂದ ಭಾನುವಾರಕ್ಕೆ ಸಿದ್ದಲಿಂಗ ಸೋಲುತ್ತಲೇ ಇದ್ದ, ಪ್ರತಿ ಸಲವೂ ಹೊಚ್ಚ ಹೊಸದಾಗಿ.

ಆಮೇಲೆ ಅದೂ ಕರಗತೊಡಗಿತು. ಮೊದಲು ಪಕ್ಷಗಳ ಹೆಸರು ಹೋದವು. ಸ್ವೀಡಿಶ್ ಹೋಯಿತು, ಅದರ ಬೆನ್ನಿಗೇ ಇಂಗ್ಲಿಷ್ ಹೋಯಿತು. ಕೊನೆಗೆ ಆ ಒಂದು ಸಾಲೂ ಅರ್ಧದಲ್ಲಿ ನಿಲ್ಲತೊಡಗಿತು. "ಅಧ್ಯಕ್ಷರ ಪಕ್ಷಕ್ಕೆ..." ಎಂದು ಅವರು ಚಾದರ ಹಿಡಿದು ನಿಂತುಬಿಡುತ್ತಿದ್ದರು. "ಏಟು ಬೀಳತೈತ್ರಿ ಸರ" ಎಂದು ಈ ತುದಿಯಿಂದ ಸಿದ್ದಲಿಂಗನೇ ತುಂಬಿಕೊಡುತ್ತಿದ್ದ. ತುಂಬಿಕೊಟ್ಟು, "ಆದರ ನಾ ಒಪ್ಪಂಗಿಲ್ಲ" ಎಂದು ಅದಕ್ಕೆ ತಾನೇ ಉತ್ತರ ಕೊಡುತ್ತಿದ್ದ. ಹದಿನೈದು ವರ್ಷ ಒಂದು ಕಡೆಯ ವಾದವನ್ನೂ ನೆಟ್ಟಗೆ ಗೆಲ್ಲದವನ ಹೆಗಲಿಗೆ ಈಗ ಎರಡೂ ಕಡೆಯ ವಾದ ಬಿದ್ದಿತ್ತು.

ಈ ವರ್ಷ ಅಮೆರಿಕದಲ್ಲಿ ಮತ್ತೆ ಮಧ್ಯಾವಧಿ ಚುನಾವಣೆ. ಏಪ್ರಿಲ್‌ನಲ್ಲಿ, ಬರ್ಚ್ ಮರಗಳು ಇನ್ನೂ ಬೋಳಾಗಿದ್ದಾಗ, ರಾಜಗೋಪಾಲರಿಗೆ ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಆರೈಕೆ ಕೇಂದ್ರದಲ್ಲಿ ಒಂದು ಕೋಣೆ ಕೊಟ್ಟರು. ಗೀತಾ ಅವರಿಂದ ಇನ್ನು ಒಬ್ಬರೇ ಎತ್ತಿ ಕೂರಿಸಲು ಆಗುತ್ತಿರಲಿಲ್ಲ. ಅಲ್ಲಿಗೆ ಒಯ್ಯುವ ಬಟ್ಟೆಗಳಿಗೆಲ್ಲ ಹೆಸರು ಹೊಲಿದಿರಬೇಕಂತೆ. ಹೊರಡುವ ಹಿಂದಿನ ಭಾನುವಾರ ಗೀತಾ ಸೂಜಿ ದಾರ ಹಿಡಿದು ಕೂತಿದ್ದರು. "ಚಾದರ ಎರಡು ಉಳಿದಿವೆ ಸಿದ್ದಲಿಂಗ. ಇವರನ್ನೂ ಕರ್ಕೊಂಡು ಹೋಗು. ಕೈಯಲ್ಲಿ ಏನಾದ್ರೂ ಹಿಡಿದಿದ್ರೆ ಸಮಾಧಾನವಾಗಿ ಇರ್ತಾರೆ" ಎಂದರು.

ಸಿದ್ದಲಿಂಗ ಅವರನ್ನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಯಂತ್ರ ನಿಲ್ಲುವುದನ್ನೇ ಕಾದ. ಅದು ನಿಂತಿತು. ಬಾಗಿಲಿಗೆ ಕೈ ಹಾಕಿದ. ತೆಗೆಯಲಿಲ್ಲ. ಸ್ವಲ್ಪ ಹೊತ್ತು ಕಾಯಬೇಕೆಂದು ಅವನಿಗೆ ಈಗ ಚೆನ್ನಾಗಿ ಗೊತ್ತು. ಆದರೆ ಅಂದು ಅವನೊಳಗೆ ಕಾಯುವ ಶಕ್ತಿ ಉಳಿದಿರಲಿಲ್ಲ. "ನಿನ್ನ ಬಾಯಾಗ ಮಣ್ಣ ಬೀಳ್ಲಿ, ತಗೀಯಲೇ!" ಎಂದು ಯಂತ್ರಕ್ಕೆ ಗುದ್ದಿದ. ಗುದ್ದಿದ ಕೈ ಹಾಗೇ ಅಲ್ಲೇ ಉಳಿಯಿತು.

"ಅರೆ! ಕನ್ನಡದವ್ರಾ?"

ರಾಜಗೋಪಾಲರು ಎದ್ದು ನಿಂತಿದ್ದರು. ಮುಖದ ತುಂಬ ಸಂತೋಷ. ದೂರದ ದೇಶದಲ್ಲಿ, ಎಲ್ಲೋ ನೆಲಮಾಳಿಗೆಯಲ್ಲಿ, ಒಬ್ಬ ನಮ್ಮವನು ಸಿಕ್ಕಿದಾಗ ಮಾತ್ರ ಆಗುವ ಸಂತೋಷ.

"ಹೌದ್ರಿ" ಎಂದ ಸಿದ್ದಲಿಂಗ. "ಗದಗ ಕಡಿಯವರು."

"ನಾನು ಮೈಸೂರು. ಇಲ್ಲಿ ಕನ್ನಡ ಕೇಳೋದೇ ಅಪರೂಪ ನೋಡಿ. ಒಳ್ಳೇದಾಯ್ತು ಸಿಕ್ಕಿದ್ದು. ಬನ್ನಿ, ಈ ಕಡೆ ಹಿಡ್ಕೊಳ್ಳಿ."

ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಹಸಿ ಚಾದರವನ್ನೇ ಅವರು ಹೊರಗೆಳೆದು ಎರಡು ಮೂಲೆ ಹಿಡಿದು ನಿಂತರು. ಸಿದ್ದಲಿಂಗ ಇನ್ನೆರಡು ಮೂಲೆ ಹಿಡಿದ. ಇಬ್ಬರೂ ಜಗ್ಗಿದರು. ನೀರು ತೊಟ್ಟಿಕ್ಕಿತು. ಅವನು ಕೊನೆಯ ಪ್ರಯತ್ನವೊಂದನ್ನು ಮಾಡಿದ.

"ಸರ, ಅಮೆರಿಕದಾಗ ನವೆಂಬರಿಗೆ ಮಿಡ್‌ಟರ್ಮ್ ಬಂತ್ರಿ. ಏನಂತೀರಿ?"

ರಾಜಗೋಪಾಲರು ಸಭ್ಯವಾಗಿ ಯೋಚಿಸಿದರು. "ಅಯ್ಯೋ, ಅವರ ಮನೆ ಗಲಾಟೆ ನಮಗ್ಯಾಕೆ ಬಿಡಿ."

ಹೆಂಡತಿ ಹೇಳಿದ್ದು, ಮಗಳು ಹೇಳಿದ್ದು, ಇಡೀ ಕನ್ನಡ ಸಂಘ ಹೇಳಿ ಹೇಳಿ ಸುಸ್ತಾದದ್ದು ಇದನ್ನೇ. ಸಿದ್ದಲಿಂಗ ಆದರೂ ಬಿಡಲಿಲ್ಲ. ಈ ನವೆಂಬರಿಗೆ ಕೆಳಮನೆ ಯಾರಿಗೆ, ಸೆನೆಟ್ ಯಾರಿಗೆ, ಯಾಕೆ, ಎಲ್ಲವನ್ನೂ ಹೇಳಿದ. ಇಡೀ ಚಳಿಗಾಲ ಒಳಗೊಳಗೇ ಕಟ್ಟಿಕೊಂಡ ಭವಿಷ್ಯ ಅದು, ಬೇರೆ ಯಾರಿಗೂ ಹೇಳಿರಲಿಲ್ಲ. ಬೇಕೆಂದೇ ನಡುವೆ ಒಂದೆರಡು ಕಡೆ ದೊಡ್ಡ ದೊಡ್ಡ ತೂತು ಬಿಟ್ಟಿದ್ದ, ತಪ್ಪು ಹುಡುಕುವವರ ಕಣ್ಣಿಗೆ ಬೀಳಲೆಂದು. ರಾಜಗೋಪಾಲರು ಕೊನೆಯವರೆಗೂ ಕಿವಿಗೊಟ್ಟು ಕೇಳಿದರು. ಹೊಸ ಪರಿಚಯದವರ ಮಾತನ್ನು ಹಾಗೆ ಕೇಳುವುದು ವಾಡಿಕೆ.

"ನೀವು ಹೇಳಿದ್ದೇ ಸರಿ" ಎಂದರು.

ಚಾದರ ಸಿದ್ದಲಿಂಗನ ಕೈಯಿಂದ ಅರ್ಧ ಜಾರಿತು.

"ಇಲ್ರಿ ಸರ. ತಪ್ಪೈತ್ರಿ. ಎಲ್ಲಾ ತಪ್ಪು ಹೇಳೀನಿ. ಒಂದ್ಸಲ ತಪ್ಪು ಅನ್ರಿ. ಬೈರಿ ನನ್ನ."

ಎದುರಿಗೆ ನಿಂತ ಅಪರಿಚಿತ ಹೀಗೆ ಅಳುವುದನ್ನು ಕಂಡು ರಾಜಗೋಪಾಲರಿಗೆ ಕಸಿವಿಸಿಯಾಯಿತು. "ಛೆ ಛೆ, ಇಲ್ಲ, ನೀವು ಸರಿಯಾಗೇ ಹೇಳಿದ್ರಿ" ಎಂದು ಮತ್ತೊಮ್ಮೆ ಒಪ್ಪಿದರು. ಅವನನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ, ಕೈಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಚಾದರವನ್ನು ನೇರ ಮಾಡಿ, ನಿಧಾನವಾಗಿ ನಡೆದು ಬಂದು, ತಮ್ಮ ಎರಡೂ ಮೂಲೆಗಳನ್ನು ಅವನ ಕೈಗೆ ಒಪ್ಪಿಸಿದರು.

ಒಣಗಿಸುವ ಬೀರಿನ ಬಾಗಿಲು ಹಾಕಿ, ಅವರ ಕೈ ಹಿಡಿದು ಹೊರಡುವಾಗ ಸಿದ್ದಲಿಂಗ ಹಲಗೆಯ ಮುಂದೆ ನಿಂತ. ಒಪ್ಪಂದದ ಪ್ರಕಾರ ಸಿಂಹಾಸನ ನೆವಾಡಾ ಬಂದ ದಿನದಿಂದಲೇ ಅವನದು. ಅವನು ರಾಜಗೋಪಾಲರ ಬೀಗವನ್ನು ಮುಂದಿನ ಭಾನುವಾರಕ್ಕೆ ಸಿಕ್ಕಿಸಿ ತಿರುಗಿಸಿದ. ತನ್ನದನ್ನು ಗುರುವಾರಕ್ಕೆ.